ಹಚ್ಚೆ ನಿಲ್ಲುವ ಆಳ

ಜೀವವಿರುವ ಚರ್ಮಕ್ಕೆ ಸೂಜಿ ಚುಚ್ಚಿ, ಕಾಡಿಗೆ ಇಳಿಸಿ, ಸಾಯುವ ತನಕ ಅಳಿಯದಂತೆ ಬಿಡಿಸಿದ ಗುರುತೇ ಹಚ್ಚೆ. ಬಳ್ಳಾರಿ ನಗರದ ಹಳೆಯ ಕೇರಿಗಳಲ್ಲಿ, ಸಿರುಗುಪ್ಪದ ಕಡೆಯ ಹೊಳೆದಂಡೆಯ ಹಳ್ಳಿಗಳಲ್ಲಿ, ಕುರುಗೋಡಿನ ಬೆಟ್ಟದ ಬುಡದ ಊರುಗಳಲ್ಲಿ ವಯಸ್ಸಾದ ಹೆಂಗಸರ ಮುಂಗೈ, ಹಣೆ, ಗಲ್ಲದ ಮೇಲೆ ಅದು ಇನ್ನೂ ಕಾಣಸಿಗುತ್ತದೆ. ಈ ಸೀಮೆಯಲ್ಲಿ ಹಚ್ಚೆ ಹಾಕುವ ಕಸುಬು ಹೆಚ್ಚಾಗಿ ಕೊರಚ ಸಮುದಾಯದ ಹೆಣ್ಣುಮಕ್ಕಳದಾಗಿತ್ತು. ಅವರೇ ಬುಟ್ಟಿ ಹೆಣೆಯುತ್ತಿದ್ದರು, ಕಣಿ ಹೇಳುತ್ತಿದ್ದರು, ಸುಗ್ಗಿ ಮುಗಿದ ಮೇಲೆ ಊರೂರು ತಿರುಗಿ ಹಚ್ಚೆ ಹಾಕುತ್ತಿದ್ದರು. ಯಾವ ಶಾಲೆಯಲ್ಲೂ ಕಲಿಯದ ಈ ಹೆಂಗಸರಿಗೆ ಮನುಷ್ಯ ಚರ್ಮದ ಪದರಗಳ ಲೆಕ್ಕ ಬೆರಳ ತುದಿಯಲ್ಲಿ ಗೊತ್ತಿತ್ತು.

ಹಚ್ಚೆ ಎಂಬ ಹೆಸರು ಬಂದದ್ದು ಪಚ್ಚೆಯಿಂದ. ಹಳಗನ್ನಡದ ಪಕಾರ ನಡುಗನ್ನಡದಲ್ಲಿ ಹಕಾರವಾದಾಗ ಪಾಲು ಹಾಲಾಯಿತು, ಪಚ್ಚೆ ಹಚ್ಚೆಯಾಯಿತು. ತೆಲುಗು ಬೆರೆತ ಗಡಿಯ ಊರುಗಳಲ್ಲಿ ಅದನ್ನೇ ಪಚ್ಚಬೊಟ್ಟು ಎನ್ನುತ್ತಾರೆ. ತಮಿಳಿನಲ್ಲಿ ಪಚ್ಚೈ ಕುತ್ತುವುದು. ಮೂರು ಭಾಷೆಗಳೂ ಹಸಿರು ಎಂದೇ ಕರೆದಿವೆ. ಆದರೆ ಚರ್ಮದೊಳಗೆ ಇಳಿಸುವುದು ಕಪ್ಪು ಕಾಡಿಗೆ. ಕಪ್ಪು ಹಸಿರಾಗುವುದು ಬೆಳಕಿನಿಂದ. ಚರ್ಮದ ಮೇಲೆ ಬಿದ್ದ ಬೆಳಕಿನಲ್ಲಿ ಕೆಂಪು ಕಿರಣಗಳು ಆಳಕ್ಕೆ ಇಳಿಯುತ್ತವೆ, ಅಲ್ಲಿ ಕೂತ ಕಾಡಿಗೆ ಅವನ್ನು ನುಂಗುತ್ತದೆ. ನೀಲಿ ಹಸಿರಿನ ಕಿರಣಗಳು ಮೇಲಿನ ಪದರದಲ್ಲೇ ಚದುರಿ ಕಣ್ಣಿಗೆ ಹಿಂತಿರುಗುತ್ತವೆ. ಕೈಯ ರಕ್ತನಾಳ ಹಸಿರಾಗಿ ಕಾಣುವುದಕ್ಕೂ ಹೆಚ್ಚು ಕಡಿಮೆ ಇದೇ ಕಾರಣ. ಮಸಿ ಚರ್ಮದ ಮೇಲೆ ಕೂತಿಲ್ಲ, ಒಳಗೆ ಕೂತಿದೆ ಎಂಬುದಕ್ಕೆ ಆ ಬಣ್ಣವೇ ಸಾಕ್ಷಿ. ಹೆಸರಿಟ್ಟ ಜನ ಚೆನ್ನಾಗಿ ಕಂಡೇ ಹೆಸರಿಟ್ಟಿದ್ದಾರೆ.

ಒಳಗೆ ಎಂದರೆ ಎಲ್ಲಿ ಎಂಬುದೇ ಈ ಕಸುಬಿನ ಗುಟ್ಟು. ವಯಸ್ಕರ ಚರ್ಮವನ್ನು ಬಿಡಿಸಿ ಹಾಸಿದರೆ ಒಂದೂವರೆಯಿಂದ ಎರಡು ಚದರ ಮೀಟರ್ ಆಗುತ್ತದೆ. ಅದರ ಮೇಲಿನ ಪದರ ಹೊರಚರ್ಮ. ಮೈಯ ಬಹುಭಾಗದಲ್ಲಿ ಅದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೂ ದಪ್ಪ ಇರುವುದಿಲ್ಲ. ಅಂಗೈ ಅಂಗಾಲುಗಳಲ್ಲಿ ಮಾತ್ರ ಒಂದು ಮಿಲಿಮೀಟರನ್ನೂ ದಾಟುತ್ತದೆ. ಹೊರಚರ್ಮದಲ್ಲಿ ರಕ್ತನಾಳಗಳಿಲ್ಲ. ಅದರ ತಳದಲ್ಲಿ ಹುಟ್ಟಿದ ಕೋಶಗಳು ಮೇಲಕ್ಕೆ ಸರಿಯುತ್ತಾ ಚಪ್ಪಟೆಯಾಗಿ, ಸತ್ತು, ಹೊಟ್ಟಾಗಿ ಉದುರುತ್ತವೆ. ಇಡೀ ಪದರ ಹೊಸದಾಗಲು ಸುಮಾರು ನಾಲ್ಕರಿಂದ ಆರು ವಾರ ಸಾಕು. ತಳದ ಸಾಲಿನಲ್ಲೇ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಸುವ ಕೋಶಗಳೂ ಇವೆ. ಬಳ್ಳಾರಿಯ ಬಿಸಿಲಲ್ಲಿ ದುಡಿಯುವವರ ಮೈಯನ್ನು ಕಾಯುವುದು ಆ ಮೆಲನಿನ್. ಹೊರಚರ್ಮದ ಕೆಳಗೆ ಒಂದರಿಂದ ನಾಲ್ಕು ಮಿಲಿಮೀಟರ್ ದಪ್ಪದ ಒಳಚರ್ಮ: ಕೊಲ್ಲಾಜೆನ್ ಎಳೆಗಳ ಹೆಣಿಗೆ, ರಕ್ತನಾಳ, ನರ, ಬೆವರಿನ ಗ್ರಂಥಿ, ಕೂದಲ ಬುಡ ಎಲ್ಲವೂ ಅಲ್ಲೇ. ಅದಕ್ಕೂ ಕೆಳಗೆ ಕೊಬ್ಬಿನ ಹಾಸು.

ಹಚ್ಚೆ ನಿಲ್ಲುವುದು ಒಳಚರ್ಮದ ಮೇಲುಭಾಗದಲ್ಲಿ. ಅದಕ್ಕಿಂತ ಮೇಲೆ ಬಿಟ್ಟರೆ ತಿಂಗಳೊಪ್ಪತ್ತಿನಲ್ಲಿ ಹೊಟ್ಟಿನ ಜೊತೆ ಉದುರಿ ಹೋಗುತ್ತದೆ, ಕೆಳಗೆ ಹೋದರೆ ಮಸಿ ಹರಡಿ ಗೆರೆ ಕದಡುತ್ತದೆ. ಇದನ್ನು ತಿಳಿಯಲು ಹಚ್ಚೆಯವಳಿಗೆ ಸಿಗುತ್ತಿದ್ದ ಗುರುತು ರಕ್ತದ ಹನಿ. ಹೊರಚರ್ಮದಲ್ಲಿ ರಕ್ತವಿಲ್ಲದ ಕಾರಣ, ಸೂಜಿ ತೆಗೆದಾಗ ಸಾಸಿವೆಗಿಂತ ಚಿಕ್ಕದೊಂದು ಕೆಂಪು ಹನಿ ಮೂಡಿದರೆ ಆಳ ಸರಿಯಾಯಿತು ಎಂದರ್ಥ. ರಕ್ತ ಹರಿದರೆ ಕೈ ಮಿತಿಮೀರಿತು. ಇನ್ನೊಂದು ಗುರುತು ಅವಳ ಬೆರಳಿಗೇ ಸಿಗುತ್ತಿತ್ತು. ಕೈಯಲ್ಲಿ ಹಿಡಿದ ಸಲಕರಣೆಯ ತುದಿಯಲ್ಲಿ ಆಗುವ ಅತಿ ಸಣ್ಣ ಕಂಪನವನ್ನೂ ಬೆರಳಿನ ಆಳದಲ್ಲಿರುವ ಪಾಚಿನಿ ಕಣಗಳು ಗ್ರಹಿಸುತ್ತವೆ. ಇವು ಈರುಳ್ಳಿಯ ಹಾಗೆ ಪದರ ಪದರವಾದ ನರತುದಿಗಳು, ಉದ್ದ ಸುಮಾರು ಒಂದು ಮಿಲಿಮೀಟರ್, ಶವಚ್ಛೇದನದಲ್ಲಿ ಬರಿಗಣ್ಣಿಗೂ ಕಾಣುತ್ತವೆ. ಬಳ್ಳಾರಿಯಲ್ಲಿ ವೈದ್ಯಕೀಯ ಕಾಲೇಜು ಶುರುವಾದದ್ದು 1961ರಲ್ಲಿ. ಚರ್ಮದ ಆ ಪಾಠ ಅಲ್ಲಿ ಇಂಗ್ಲಿಷಿನಲ್ಲಿ ನಡೆಯುವುದಕ್ಕಿಂತ ತಲೆಮಾರುಗಳ ಮೊದಲೇ, ಅದೇ ಊರಿನ ಜಗಲಿಗಳ ಮೇಲೆ ಸೂಜಿಯ ತುದಿಯಿಂದ ಅದನ್ನು ಓದುತ್ತಿದ್ದವರಿದ್ದರು.

ಒಳಚರ್ಮಕ್ಕೆ ಬಿದ್ದ ಮಸಿಯನ್ನು ದೇಹ ಸುಮ್ಮನೆ ಬಿಡುವುದಿಲ್ಲ. ಹೊರಗಿನ ವಸ್ತು ಬಂತೆಂದು ಭಕ್ಷಕ ಕೋಶಗಳು ಧಾವಿಸಿ ಕಾಡಿಗೆಯ ಕಣಗಳನ್ನು ನುಂಗುತ್ತವೆ. ಆದರೆ ಇಂಗಾಲವನ್ನು ಅರಗಿಸಿಕೊಳ್ಳಲಾರದೆ ಹೊಟ್ಟೆಯಲ್ಲಿಟ್ಟುಕೊಂಡು ಅಲ್ಲೇ ಕೂರುತ್ತವೆ. ಫ್ರಾನ್ಸಿನ ಮಾರ್ಸೇ ನಗರದ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಇನ್ನೊಂದು ಸಂಗತಿ ತಿಳಿಯಿತು: ಮಸಿ ಹೊತ್ತ ಕೋಶ ಸತ್ತಾಗ ಅದು ಬಿಟ್ಟುಹೋದ ಕಣಗಳನ್ನು ಪಕ್ಕದಲ್ಲೇ ಬಂದ ಹೊಸ ಕೋಶ ನುಂಗಿಕೊಳ್ಳುತ್ತದೆ. ಅಜ್ಜಿಯ ಕೈಯ ಹಚ್ಚೆ ಉಳಿದಿರುವುದು ಹೀಗೆ, ಒಂದು ಕೋಶ ಇನ್ನೊಂದಕ್ಕೆ ಒಪ್ಪಿಸುತ್ತಾ ಬಂದದ್ದರಿಂದ. ವಯಸ್ಸಾದಂತೆ ಕೊಲ್ಲಾಜೆನ್ ಸಡಿಲಗೊಂಡು ಕಣಗಳು ಅಷ್ಟಿಷ್ಟು ಸರಿಯುತ್ತವೆ. ಮದುವೆಗೆ ಮುನ್ನ ಎಳೆದ ತೆಳು ಗೆರೆ ಎಂಬತ್ತನೇ ವಯಸ್ಸಿಗೆ ದಪ್ಪನಾಗಿ ಮಸುಕಾಗುತ್ತದೆ.

ಇದೇ ಊರಿನ ಇನ್ನೊಂದು ಕಲೆಯನ್ನು ಇಲ್ಲಿ ನೆನೆಯದೆ ಇರಲಾಗದು. ಬೆಳಗಲ್ಲು ವೀರಣ್ಣನವರ ಹೆಸರಿನೊಂದಿಗೆ ಬಳ್ಳಾರಿಗೆ ಕೀರ್ತಿ ತಂದ ತೊಗಲುಗೊಂಬೆಯ ತೊಗಲೂ ಒಳಚರ್ಮವೇ. ಆಡಿನ ಚರ್ಮವನ್ನು ಹದ ಮಾಡುವಾಗ ಕೂದಲು, ಹೊರಚರ್ಮ ಎಲ್ಲ ಹೆರೆದು ಹೋಗಿ ಕೊಲ್ಲಾಜೆನ್ನಿನ ಹಾಳೆ ಉಳಿಯುತ್ತದೆ. ದೀಪದ ಬೆಳಕನ್ನು ಹಾಯಗೊಡುವುದೂ ಬಣ್ಣವನ್ನು ಹೀರಿಕೊಂಡು ಹಿಡಿದಿಡುವುದೂ ಅದೇ. ಸತ್ತ ಚರ್ಮದ ಮೇಲೆ ತೊಗಲುಗೊಂಬೆ ಆಡಿಸುವ ಶಿಳ್ಳೇಕ್ಯಾತರ ಕೈ, ಬದುಕಿದ ಚರ್ಮದ ಮೇಲೆ ಕೊರಚರ ಕೈ. ಇಬ್ಬರೂ ಬರೆದದ್ದು ಒಂದೇ ಪದರದ ಮೇಲೆ.

ಆಳದ ಮಾತು ಇನ್ನೊಂದು ಆಚರಣೆಯಿಂದ ಸ್ಪಷ್ಟವಾಗುತ್ತದೆ. ಮಾಧ್ವರಲ್ಲಿ ಆಷಾಢ ಏಕಾದಶಿಯಂದು ತಪ್ತ ಮುದ್ರಾಧಾರಣೆ ನಡೆಯುತ್ತದೆ. ಕಾಯಿಸಿದ ಶಂಖ ಚಕ್ರದ ಮುದ್ರೆಯನ್ನು ತೋಳಿಗೆ ಕ್ಷಣಮಾತ್ರ ತಾಗಿಸುತ್ತಾರೆ. ಸುಡುವುದು ಹೊರಚರ್ಮ ಮಾತ್ರವಾದ್ದರಿಂದ ಗುರುತು ಕೆಲವು ದಿನಗಳಲ್ಲಿ ಮಾಸುತ್ತದೆ, ಮರುವರ್ಷ ಮತ್ತೆ ಹಾಕಿಸಿಕೊಳ್ಳಬೇಕು. ಹಚ್ಚೆಗೆ ಆ ಮರುವರ್ಷವಿಲ್ಲ.

ಕಸುಬಿನವರ ಚರಿತ್ರೆ ಅವರ ಗೆರೆಗಳಷ್ಟು ನೆಟ್ಟಗಿಲ್ಲ. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಸೀಮೆಯ ಭಾಗವಾಗಿ ಬಳ್ಳಾರಿ ಕಂಪನಿ ಸರ್ಕಾರಕ್ಕೆ ಸೇರಿತು. ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರ್. ಆ ಕಾಲದಲ್ಲಿ ಕೊರಚರು, ಅವರದೇ ಬಳಗದ ಕೊರವರು ಎತ್ತು ಕತ್ತೆಗಳ ಮೇಲೆ ಉಪ್ಪು ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ ತಂದು, ಹಳ್ಳಿಗಳಲ್ಲಿ ಧಾನ್ಯಕ್ಕೆ ಮಾರುತ್ತಿದ್ದ ಅಲೆಮಾರಿ ವ್ಯಾಪಾರಿಗಳು. ಉಪ್ಪು ಕೊರಚರೆಂಬ ಹೆಸರು ಬಂದದ್ದೇ ಅದರಿಂದ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ರೈಲು ಬಂತು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು, 1876ರಿಂದ 1878ರವರೆಗಿನ ಭೀಕರ ಬರ ಬಳ್ಳಾರಿಯನ್ನು ಬರಿದು ಮಾಡಿತು. ಎತ್ತಿನ ಹೇರು ರೈಲಿನ ಎದುರು ನಿಲ್ಲಲಿಲ್ಲ. ಗಂಡಸರ ವ್ಯಾಪಾರ ಕುಸಿದಾಗ ಮನೆಯ ಗಂಜಿಗೆ ಆಧಾರವಾದದ್ದು ಹೆಂಗಸರ ಬುಟ್ಟಿ, ಕಣಿ ಮತ್ತು ಸೂಜಿ. ಮದ್ರಾಸ್ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ, ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಏಳು ಸಂಪುಟಗಳಲ್ಲಿ ಕೊರವ ಸಮುದಾಯದ ಬಗ್ಗೆ ದೀರ್ಘ ಬರಹವಿದೆ. ಹಚ್ಚೆಯ ಮಸಿ ಮಾಡುವ ವಿಧಾನ ಥರ್ಸ್ಟನ್‌ನ ಬರಹಗಳಲ್ಲಿ ಉಳಿದುಕೊಂಡಿದೆ.

ಆ ವಿಧಾನ ಹೀಗೆ: ಅರಿಸಿನ ಮತ್ತು ಅಗಸೆ ಮರದ ಎಲೆಯನ್ನು ಅರೆದು ತೆಳು ಬಟ್ಟೆಗೆ ಬಳಿದು ಬತ್ತಿ ಹೊಸೆಯುವುದು. ಅದನ್ನು ಹರಳೆಣ್ಣೆಯ ದೀಪದಲ್ಲಿ ಉರಿಸಿ ಮೇಲೆ ಹೊಸ ಮಡಕೆ ಕವುಚುವುದು. ಮಡಕೆಗೆ ಹತ್ತಿದ ಕಾಡಿಗೆಯನ್ನು ಕೆರೆದು ನೀರಿನಲ್ಲೋ ಎದೆಹಾಲಿನಲ್ಲೋ ಕಲಸುವುದು. ಕನ್ನಡ ಸೀಮೆಯ ಹಲವೆಡೆ ಗರಗದ ಸೊಪ್ಪಿನ ರಸವನ್ನೂ ಸೇರಿಸುತ್ತಿದ್ದರು. ಆ ಗಿಡಕ್ಕೆ ಕಾಡಿಗೆಗರಗ ಎಂಬ ಹೆಸರೂ ಇದೆ. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ಸಿಕ್ಕ, ಐದು ಸಾವಿರ ವರ್ಷಕ್ಕೂ ಹಳೆಯದಾದ ಓಟ್ಜಿ ಎಂಬ ಮನುಷ್ಯನ ಮೈಮೇಲಿನ ಹಚ್ಚೆಗಳೂ ಕಾಡಿಗೆಯವೇ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ ಅಗೆದಾಗ ನವಶಿಲಾಯುಗದವರ ಮನೆ, ಮಡಕೆ, ಸಮಾಧಿಯ ಎಲುಬುಗಳು ದೊರೆತವು. ಈ ಬಿಸಿಲ ನೆಲದಲ್ಲಿ ಎಲುಬು ಉಳಿಯುತ್ತದೆ, ಚರ್ಮ ಉಳಿಯುವುದಿಲ್ಲ. ಹಚ್ಚೆಯ ಚರಿತ್ರೆಗೆ ಇದೇ ದೊಡ್ಡ ಕೊರತೆ: ಬರೆದ ಹಾಳೆ ಬರೆಸಿಕೊಂಡವರ ಜೊತೆಗೇ ಮಣ್ಣಾಗುತ್ತದೆ.

ಹಚ್ಚೆ ಹಾಕುವ ಹೊತ್ತನ್ನು ಹತ್ತಿರದಿಂದ ನೋಡಬೇಕು. ಹುಡುಗಿ ಮೈ ನೆರೆಯುವ ಆಸುಪಾಸಿನವಳು, ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಾಳೆ. ಬೆನ್ನ ಹಿಂದೆ ತಾಯಿಯೋ ಅತ್ತಿಗೆಯೋ ಹಿಡಿದುಕೊಂಡಿದ್ದಾರೆ. ಹಚ್ಚೆಯವಳು ಕಡ್ಡಿಯಿಂದ ಮಸಿ ಅದ್ದಿ ಮುಂಗೈ ಮೇಲೆ ಮೊದಲು ಚಿತ್ತಾರ ಬಿಡಿಸುತ್ತಾಳೆ: ಬಾಸಿಂಗ, ತೊಟ್ಟಿಲು, ಚೇಳು, ತುಳಸಿಕಟ್ಟೆ, ಸೀತೆಯ ಸೆರಗು, ನವಿಲು, ಇಲ್ಲವೇ ತವರಿನ ದೇವರ ಹೆಸರು. ಬಳಿಕ ಎಡಗೈ ಹೆಬ್ಬೆರಳಿನಿಂದ ಆ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು, ನೂಲಿನಿಂದ ಕಟ್ಟಿದ ಮೂರು ನಾಲ್ಕು ಸೂಜಿಗಳನ್ನು ಒಂದೇ ಲಯದಲ್ಲಿ ಕುಟ್ಟುತ್ತಾ ಹೋಗುತ್ತಾಳೆ. ಬಾಯಲ್ಲಿ ಪದ ನಡೆದೇ ಇರುತ್ತದೆ. ಮುಗಿದ ಮೇಲೆ ನೀರಿನಿಂದ ಒರೆಸಿ, ಎಣ್ಣೆಯಲ್ಲಿ ಕಲಸಿದ ಅರಿಸಿನ ಸವರುತ್ತಾಳೆ. ಕೂಲಿ ಎಂದರೆ ಮೊರದಲ್ಲಿ ಜೋಳ, ಒಂದು ಹಳೆಯ ಸೀರೆ, ಎಲೆ ಅಡಿಕೆ. ಎಂಟು ಹತ್ತು ದಿನಕ್ಕೆ ಹೊಪ್ಪಳಿಕೆ ಉದುರಿ ಹಸಿರು ಮೂಡುತ್ತದೆ.

ನೋವಿಗೂ ಕ್ರಮವಿದೆ. ಸೂಜಿ ತಾಗಿದ ಕೂಡಲೇ ಚುರುಕ್ಕೆನ್ನುವುದು ಒಂದು ನೋವು. ತೆಳುವಾದ ಕವಚವಿರುವ ನರತಂತುಗಳು ಅದನ್ನು ಸೆಕೆಂಡಿಗೆ ಐದರಿಂದ ಮೂವತ್ತು ಮೀಟರ್ ವೇಗದಲ್ಲಿ ಒಯ್ಯುತ್ತವೆ. ಅದರ ಹಿಂದೆ ನಿಧಾನವಾಗಿ ಹಬ್ಬುವ ಉರಿ ಬೇರೆ. ಕವಚವಿಲ್ಲದ ತಂತುಗಳಲ್ಲಿ ಅದರ ವೇಗ ಸೆಕೆಂಡಿಗೆ ಎರಡು ಮೀಟರನ್ನೂ ಮೀರದು. ಇವೆರಡನ್ನೂ ಗ್ರಹಿಸುವುದು ಹೊರಚರ್ಮದೊಳಕ್ಕೂ ಚಾಚಿದ ಬರಿಯ ನರತುದಿಗಳು. ಇನ್ನು ಸ್ಪರ್ಶ, ಒತ್ತಡ, ಎಳೆತಗಳಿಗೆ ಬೇರೆ ಬೇರೆ ಗ್ರಾಹಕಗಳಿವೆ: ಹಗುರ ತಾಗುವಿಕೆಗೆ ಮೈಸ್ನರ್ ಕಣ, ಅಂಚು ಮತ್ತು ನಯ ಒರಟುಗಳಿಗೆ ಮರ್ಕೆಲ್ ಕೋಶ, ಚರ್ಮದ ಎಳೆತಕ್ಕೆ ರುಫಿನಿ ತುದಿ, ಕಂಪನಕ್ಕೆ ಪಾಚಿನಿ ಕಣ. ಇವುಗಳ ಸುದ್ದಿ ದಪ್ಪ ತಂತುಗಳಲ್ಲಿ ನೋವಿಗಿಂತ ಬಲು ವೇಗವಾಗಿ ಓಡುತ್ತದೆ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಮಂಡಿಸಿದ ದ್ವಾರ ಸಿದ್ಧಾಂತದ ಪ್ರಕಾರ, ಒತ್ತಡ ಮತ್ತು ಸ್ಪರ್ಶದ ಸುದ್ದಿ ಬೆನ್ನುಹುರಿಯಲ್ಲಿ ನೋವಿನ ಸುದ್ದಿಯ ಬಾಗಿಲನ್ನು ಅರೆಮುಚ್ಚುತ್ತದೆ. ಪೆಟ್ಟಾದ ಜಾಗವನ್ನು ಕೈ ತಾನಾಗಿ ಉಜ್ಜುವುದು ಇದಕ್ಕೇ. ಹಚ್ಚೆಯವಳ ಹೆಬ್ಬೆರಳಿನ ಬಿಗಿ ಹಿಡಿತ ಗೆರೆಯನ್ನು ನೇರವಾಗಿಸುವುದರ ಜೊತೆಗೆ ಆ ಕೆಲಸವನ್ನೂ ಮಾಡುತ್ತಿತ್ತು. ಪದ ಹಾಡುವುದು ಮನಸ್ಸನ್ನು ಬೇರೆಡೆ ಹೊರಳಿಸುತ್ತಿತ್ತು. ಗಮನ ಸರಿದಾಗ ನೋವು ತಗ್ಗುವುದು ಇಂದು ಪ್ರಯೋಗಗಳಲ್ಲಿ ಸಿದ್ಧವಾದ ಸಂಗತಿ. ಕೊನೆಗೆ ಅರಿಸಿನ ಸವರುವ ನಿಧಾನದ ಕೈಗೂ ಚರ್ಮದಲ್ಲಿ ಪ್ರತ್ಯೇಕ ನರಗಳಿವೆ. ಕೂದಲಿರುವ ಚರ್ಮದಲ್ಲಿ, ಅಂದರೆ ಮುಂದೋಳು, ಮುಂಗೈಗಳಲ್ಲಿ ಇರುವ ಈ ತಂತುಗಳು ಸೆಕೆಂಡಿಗೆ ಒಂದರಿಂದ ಹತ್ತು ಸೆಂಟಿಮೀಟರ್ ವೇಗದ ನೇವರಿಕೆಗೆ ಚೆನ್ನಾಗಿ ಸ್ಪಂದಿಸುತ್ತವೆ.

ಉರಿಯ ವಿಷಯದಲ್ಲಿ ಈ ಸೀಮೆಯ ಹೆಂಗಸರಿಗೆ ಮತ್ತೊಂದು ಅನುಭವವಿದೆ. ಸಿರುಗುಪ್ಪ, ಕುರುಗೋಡಿನ ಕಪ್ಪು ನೆಲದಲ್ಲಿ ಮೆಣಸಿನಕಾಯಿ ದೊಡ್ಡ ಬೆಳೆ, ಅದು ಬ್ಯಾಡಗಿ ಪೇಟೆಗೆ ಹೋಗುತ್ತದೆ. ಕಾಯಿ ಬಿಡಿಸುವ, ತೊಟ್ಟು ಮುರಿಯುವ ಹೆಂಗಸರ ಕೈ ರಾತ್ರಿಯಿಡೀ ಉರಿಯುತ್ತದೆ. ಬೆಂಕಿ ತಾಗಿಲ್ಲ, ಬೊಬ್ಬೆ ಎದ್ದಿಲ್ಲ, ಆದರೂ ಉರಿ. ಇದರ ಕಾರಣವನ್ನು 1997ರಲ್ಲಿ ಡೇವಿಡ್ ಜೂಲಿಯಸ್ ಅವರ ತಂಡ ಕಂಡುಹಿಡಿಯಿತು. ನರತುದಿಯಲ್ಲಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ತೆರೆದುಕೊಳ್ಳುವ ಟಿಆರ್‌ಪಿವಿ1 ಎಂಬ ಬಾಗಿಲನ್ನೇ ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕೂಡ ತೆರೆಯುತ್ತದೆ. ಮೆದುಳಿಗೆ ತಲುಪುವ ಸುದ್ದಿ ಒಂದೇ: ಸುಡುತ್ತಿದೆ. ಸ್ಪರ್ಶದ ಪಿಯೆಜೊ ಗ್ರಾಹಕಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಜೊತೆ ಜೂಲಿಯಸ್ 2021ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಮೆಣಸಿನಕಾಯಿ ಬಿಡಿಸುವ ಕೈಗಳ ಕೂಲಿ ಆ ಉರಿಯನ್ನು ಲೆಕ್ಕಕ್ಕೆ ಹಿಡಿದದ್ದು ಅಪರೂಪ.

ಹಚ್ಚೆಗೆ ಜಾಗ ಆರಿಸುವುದರಲ್ಲೂ ತಿಳಿವಳಿಕೆ ಇತ್ತು. ಅಂಗೈಗೆ, ಅಂಗಾಲಿಗೆ ಹಚ್ಚೆ ಹಾಕುತ್ತಿರಲಿಲ್ಲ. ಅಲ್ಲಿನ ದಪ್ಪ ಹೊರಚರ್ಮ ದಿನವೂ ಸವೆಯುತ್ತದೆ, ಮಸಿ ನಿಲ್ಲದು. ಮುಂದೋಳಿನ ಒಳಬದಿ, ಮುಂಗೈ, ಮೀನಗಂಡದ ಕೆಳಗೆ, ಹಣೆ, ಗಲ್ಲ ಇವೇ ರೂಢಿಯ ಜಾಗಗಳು. ಹಚ್ಚೆ ಇಲ್ಲದ ಕೈಯಿಂದ ನೀರು ಮುಟ್ಟಬಾರದೆಂಬ ಮಾತು ಅತ್ತೆಮನೆಗಳಲ್ಲಿ ಇತ್ತು. ಬಂಗಾರ ಕಾಣದ ಬಡ ಮನೆಗಳಲ್ಲಿ ಅದೇ ಒಡವೆ: ಕಳ್ಳ ಒಯ್ಯಲಾರದ್ದು, ಸಾಲಕ್ಕೆ ಒತ್ತೆ ಇಡಲಾಗದ್ದು, ಸತ್ತಾಗ ಜೊತೆಗೆ ಬರುವುದು ಇದೊಂದೇ ಎಂದು ನಂಬಿದ್ದರು.

ಚರ್ಮದ ಮೇಲಿನ ಎಲ್ಲ ಗುರುತುಗಳೂ ಹೀಗೆ ಒಲಿದು ಪಡೆದವಲ್ಲ. ಹುಡುಗಿಯನ್ನು ದೇವರಿಗೆ ಸಮರ್ಪಿಸಿ ಬಸವಿ ಬಿಡುವಾಗ ಅವಳ ಭುಜಗಳಿಗೆ ಕಾಯಿಸಿದ ಶಂಖ ಚಕ್ರದ ಮುದ್ರೆ ಒತ್ತುತ್ತಿದ್ದುದನ್ನು ಮದ್ರಾಸ್ ಪ್ರಾಂತ್ಯದ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ ಬಸವಿಯರ ಕುರಿತ ಬರಹದಲ್ಲಿ ದಾಖಲಿಸಿದ್ದಾನೆ. ಸಮರ್ಪಣೆಯನ್ನು ತಡೆಯುವ ಮದ್ರಾಸ್ ಕಾನೂನು ಬಂದದ್ದು 1947ರಲ್ಲಿ, ಕರ್ನಾಟಕದ್ದು 1982ರಲ್ಲಿ. ಹರಕೆಯ ಸಿಡಿಯಲ್ಲಿ ಬೆನ್ನ ಚರ್ಮಕ್ಕೆ ಕಬ್ಬಿಣದ ಕೊಕ್ಕೆ ಸಿಕ್ಕಿಸಿ ಮನುಷ್ಯರನ್ನು ತೂಗುತ್ತಿದ್ದರು. ಒಳಚರ್ಮದ ಕೊಲ್ಲಾಜೆನ್ ಹೆಣಿಗೆ ಒಂದು ದೇಹದ ಭಾರವನ್ನು ಹರಿಯದೆ ತಡೆಯುವಷ್ಟು ಗಟ್ಟಿ ಎಂಬುದಕ್ಕೆ ಅದು ಕ್ರೂರವಾದ ಸಾಕ್ಷ್ಯ. ಬಳ್ಳಾರಿಯ ಕನಕದುರ್ಗಮ್ಮನ ಸಿಡಿಬಂಡಿ ಇಂದಿಗೂ ಸಾಗುತ್ತದೆ, ಆದರೆ ಕೊಕ್ಕೆಗೆ ಮನುಷ್ಯರ ಬೆನ್ನಿಲ್ಲ.

ಕೊರಚರ ಪಾಲಿಗೆ ಬಂದ ಅತಿ ದೊಡ್ಡ ಅನ್ಯಾಯವೂ ಚರ್ಮದ ಮೂಲಕವೇ ಬಂತು. 1911ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಆಗ ಬಳ್ಳಾರಿ ಸೇರಿದ್ದ ಮದ್ರಾಸ್ ಪ್ರಾಂತ್ಯಕ್ಕೂ ಅನ್ವಯವಾಯಿತು. ಅದರಡಿ ಪಟ್ಟಿಗೆ ಸೇರಿದವರ ಬೆರಳಚ್ಚನ್ನು ಯಾವಾಗ ಬೇಕಾದರೂ ಪಡೆಯಬಹುದಿತ್ತು, ಊರು ಬಿಡಲು ಅಪ್ಪಣೆ ಬೇಕಿತ್ತು. ಬೆರಳ ತುದಿಯ ಏಣುಗಳು ಗರ್ಭದಲ್ಲಿ ಮೂರು ನಾಲ್ಕನೇ ತಿಂಗಳಿನಲ್ಲೇ ರೂಪುಗೊಳ್ಳುತ್ತವೆ. ಒಳಚರ್ಮದ ಏರಿಳಿತವನ್ನೇ ಹೊರಚರ್ಮ ಅನುಸರಿಸುವುದರಿಂದ ಮೇಲೆ ಗಾಯವಾಗಿ ಮಾಯ್ದರೂ ಅದೇ ಗುರುತು ಮತ್ತೆ ಮೂಡುತ್ತದೆ. ಮೈಸ್ನರ್ ಮತ್ತು ಮರ್ಕೆಲ್ ಗ್ರಾಹಕಗಳು ದಟ್ಟವಾಗಿರುವುದು ಈ ಏಣುಗಳ ಅಡಿಯಲ್ಲೇ. ಎರಡು ಮೂರು ಮಿಲಿಮೀಟರ್ ಅಂತರದ ಎರಡು ಚುಕ್ಕೆಗಳನ್ನು ಬೆರಳ ತುದಿ ಬೇರೆ ಬೇರೆಯಾಗಿ ಗುರುತಿಸುತ್ತದೆ, ಬೆನ್ನಿಗೆ ಅದೇ ಕೆಲಸಕ್ಕೆ ಮೂರು ನಾಲ್ಕು ಸೆಂಟಿಮೀಟರ್ ಅಂತರ ಬೇಕು. ಬಿದಿರ ದಬ್ಬೆ ಸೀಳಿ ಬುಟ್ಟಿ ಹೆಣೆದ, ಸೂಜಿಯ ಆಳ ಅಳೆದ ಬೆರಳುಗಳನ್ನು ಮಸಿಗೆ ಅದ್ದಿಸಿ ಠಾಣೆಯ ಕಾಗದಕ್ಕೆ ಒತ್ತಿಸುವ ಕಾನೂನು ಅದು. ಉಪ್ಪಿನ ವ್ಯಾಪಾರ ಕಳೆದುಕೊಂಡ ಅಲೆಮಾರಿಗಳನ್ನು ಅಪರಾಧಿಗಳೆಂದು ಹೆಸರಿಸಿದ ಬಗೆಯನ್ನು ಇತಿಹಾಸಕಾರ್ತಿ ಮೀನಾ ರಾಧಾಕೃಷ್ಣ 2001ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ವಿವರವಾಗಿ ಬಿಡಿಸಿಟ್ಟಿದ್ದಾರೆ. ದೇಶದಾದ್ಯಂತ ಆ ಕಾಯ್ದೆ ಕೊನೆಗೊಂಡದ್ದು 1952ರ ಆಗಸ್ಟ್ 31ರಂದು. ಮರುವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು.

ಆಮೇಲಿನ ದಶಕಗಳಲ್ಲಿ ಹಚ್ಚೆ ಹಿಂದೆ ಸರಿಯಿತು. ಓದಿದ ಹುಡುಗಿಯರಿಗೆ ಅದು ಹಳ್ಳಿಗಾಡಿನ ಗುರುತೆನಿಸಿತು. ಜಾತ್ರೆಗಳಿಗೆ ಬ್ಯಾಟರಿಯ ಯಂತ್ರ ಬಂತು. ಅದರ ಮೂಲ ರೂಪಕ್ಕೆ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ 1891ರಲ್ಲೇ ಪೇಟೆಂಟ್ ಪಡೆದಿದ್ದ. ಒಂದೇ ಸೂಜಿಯನ್ನು ಸಾಲಾಗಿ ಹತ್ತಾರು ಕೈಗಳಿಗೆ ಚುಚ್ಚಿದರೆ ಹೆಪಟೈಟಿಸ್ ಬಿ, ಎಚ್‌ಐವಿ ದಾಟುವ ಅಪಾಯ ಯಂತ್ರಕ್ಕೂ ಇದೆ, ಹಳೆಯ ಕಟ್ಟುಸೂಜಿಗೂ ಇತ್ತು. ಆ ವಿಷಯದಲ್ಲಿ ಹಳೆಯದನ್ನು ಹೊಗಳುವಂತಿಲ್ಲ. ಈಗ ನಗರದ ಅಂಗಡಿಗಳಲ್ಲಿ ಹಚ್ಚೆ ಟ್ಯಾಟೂ ಎಂಬ ಹೆಸರಿನಲ್ಲಿ ಮರಳಿದೆ, ಬೇಡವಾದವರಿಗೆ ಲೇಸರ್ ಇದೆ. ಲೇಸರಿನ ಕ್ಷಣಾರ್ಧದ ಮಿಂಚು ಕಾಡಿಗೆಯ ಕಣಗಳನ್ನು ಒಡೆದು ಚೂರು ಮಾಡುತ್ತದೆ; ಚೂರುಗಳನ್ನು ಭಕ್ಷಕ ಕೋಶಗಳು ನಿಧಾನವಾಗಿ ಸಾಗಿಸುತ್ತವೆ.

ಹಳೆಯ ಹಚ್ಚೆಯ ಚಿತ್ತಾರಗಳು, ಅವುಗಳ ಹೆಸರುಗಳು, ಹಾಕಿದ ಕೈಗಳ ನೆನಪು ಇವೆಲ್ಲ ಇಂದು ಉಳಿದಿರುವುದು ಕೆಲವೇ ವೃದ್ಧೆಯರ ಮೈಮೇಲೆ, ಬಾಯಲ್ಲಿ. ಯಾವ ವಸ್ತುಸಂಗ್ರಹಾಲಯವೂ ಅದನ್ನು ತೆಗೆದು ಗಾಜಿನ ಪೆಟ್ಟಿಗೆಯಲ್ಲಿ ಇಡಲಾರದು. ಮನೆಯಲ್ಲಿ ಹಚ್ಚೆ ಇರುವ ಅಜ್ಜಿ ಇದ್ದರೆ ಅವರ ಒಪ್ಪಿಗೆ ಪಡೆದು ಒಂದು ಚಿತ್ರ ತೆಗೆದಿಡಿ. ಯಾವ ಊರಿನಲ್ಲಿ, ಯಾವ ವಯಸ್ಸಿನಲ್ಲಿ, ಯಾರು ಹಾಕಿದರು, ಆ ಗೆರೆಗೆ ಏನೆಂದು ಹೆಸರು ಎಂದು ಕೇಳಿ, ಚಿತ್ರದ ಹಿಂದೆ ಬರೆದಿಡಿ.